ಸ್ವಲ್ಪ ಅಡ್ಜಸ್ಟ್ ಮಾಡಿ: ಕಾರಿನ ಕನ್ಸೋಲ್ ಒಳಗಿನ ಎಂಜಿನಿಯರಿಂಗ್

ಬೆಂಗಳೂರಿನಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳೋ ಮಾತು ಯಾವುದು ಅಂದ್ರೆ ‘ಸ್ವಲ್ಪ ಅಡ್ಜಸ್ಟ್ ಮಾಡಿ’. ಬಸ್ಸಿನ ಸೀಟಿನಲ್ಲಿ, ಪಿಜಿ ರೂಮಿನಲ್ಲಿ, ಯಶವಂತಪುರದಿಂದ ಹೊರಡೋ ರೈಲಿನ ಜನರಲ್ ಬೋಗಿಯಲ್ಲಿ ಎಲ್ಲಾ ಕಡೆ ಇದೇ ಮಂತ್ರ. ಮನುಷ್ಯರು ಅಡ್ಜಸ್ಟ್ ಮಾಡ್ಕೊಳ್ತಾರೆ, ಸರಿ. ಆದ್ರೆ ಒಂದು ವಸ್ತು ಅಡ್ಜಸ್ಟ್ ಆಗಬೇಕು ಅಂದ್ರೆ ಅದರ ಹಿಂದೆ ಎಷ್ಟು ಲೆಕ್ಕ ಇರುತ್ತೆ ಗೊತ್ತಾ? ಈ ಲೇಖನದಲ್ಲಿ ಅಂಥ ಒಂದೇ ಒಂದು ವಸ್ತುವನ್ನು ತಗೊಂಡು ಬಿಚ್ಚಿ ನೋಡೋಣ: ಕಾರಿನಲ್ಲಿ ಮುಂದಿನ ಎರಡು ಸೀಟುಗಳ ನಡುವೆ ಇರೋ ಸ್ಟೋರೇಜ್ ಕನ್ಸೋಲ್.

ನೋಡೋಕೆ ಅದು ಬರೀ ಒಂದು ಡಬ್ಬ. ಮೊಬೈಲ್ ಇಡ್ತೀವಿ, ಬಾಟಲ್ ಇಡ್ತೀವಿ, ಮೇಲೆ ಮೊಣಕೈ ಊರ್ತೀವಿ. ಆದ್ರೆ ಈ ಡಬ್ಬ ಹಿಂದೆ ಮುಂದೆ ಜಾರಬೇಕು, ಒಳಗಿನ ಗೋಡೆಗಳು ಸರಿಯಬೇಕು, ಯಾವ ಸೈಜಿನ ಬಾಟಲ್ ಇಟ್ರೂ ಹಿಡೀಬೇಕು ಅಂತ ಹೇಳಿದ ಕ್ಷಣ ನಮ್ಮ ಮೆಕ್ಯಾನಿಕ್ಸ್, ಮೆಟೀರಿಯಲ್ ಸೈನ್ಸ್, ಮಷೀನ್ ಡಿಸೈನ್ ಮೂರೂ ಸಬ್ಜೆಕ್ಟ್ ಒಟ್ಟಿಗೆ ಬಂದು ಕೂತ್ಕೊಳ್ತವೆ.

ಯಾಕೆ ಅಡ್ಜಸ್ಟ್ ಆಗಬೇಕು?

ಮೊದಲನೇ ಕಾರಣ ಜಾಗ. 2006ರ ಕೇಂದ್ರ ಬಜೆಟ್‌ನಲ್ಲಿ 4 ಮೀಟರಿಗಿಂತ ಚಿಕ್ಕದಾದ, ಎಂಜಿನ್ ಕೂಡ ಸಣ್ಣದಿರೋ ಕಾರುಗಳಿಗೆ ಅಬಕಾರಿ ಸುಂಕವನ್ನು 24%ರಿಂದ 16%ಕ್ಕೆ ಇಳಿಸಿದರು. ಜಿಎಸ್‌ಟಿ ಬಂದ ಮೇಲೂ ಆ 4 ಮೀಟರ್ ಗೆರೆ ಉಳಿಯಿತು. ಇದರ ಪರಿಣಾಮ ನಮ್ಮ ರಸ್ತೆಯಲ್ಲೇ ಕಾಣುತ್ತೆ. 2008ರಲ್ಲಿ ಬಂದ ಮೊದಲ ಸ್ವಿಫ್ಟ್ ಡಿಜೈರ್ 4160 ಮಿ.ಮೀ. ಉದ್ದ ಇತ್ತು. 2012ರ ಡಿಜೈರ್ 3995 ಮಿ.ಮೀ. ಆಯ್ತು. ಬೂಟನ್ನು ಕತ್ತರಿಸಿ ಗೆರೆ ಒಳಗೆ ತಂದರು. ಇವತ್ತು ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತು ಏರ್‌ಪೋರ್ಟ್ ಕಡೆ ಹೋಗೋ ಕ್ಯಾಬ್‌ಗಳನ್ನು ಎಣಿಸಿದರೆ ಇಂಥ ಚಿಕ್ಕ ಕಾರುಗಳೇ ಸಾಲು ಸಾಲು. ಇಂಥ ಕಾರಿನಲ್ಲಿ ಎರಡು ಸೀಟಿನ ನಡುವೆ ಸಿಗೋದು ಹೆಚ್ಚು ಕಡಿಮೆ ಒಂದು ಗೇಣು ಅಗಲ. ಅದರಲ್ಲೇ ಗೇರ್, ಹ್ಯಾಂಡ್‌ಬ್ರೇಕ್, ಮಿಕ್ಕ ಜಾಗದಲ್ಲಿ ಕನ್ಸೋಲ್.

ಎರಡನೇ ಕಾರಣ, ಒಂದೇ ಕಾರನ್ನು ಬೇರೆ ಬೇರೆ ಮೈಕಟ್ಟಿನವರು ಓಡಿಸ್ತಾರೆ. ಡ್ರೈವರ್ ಸೀಟು ಸುಮಾರು 200 ಮಿ.ಮೀ. ಹಿಂದೆ ಮುಂದೆ ಸರಿಯುತ್ತೆ. ಕುಳ್ಳಗಿರೋರು ಸೀಟನ್ನು ಪೂರ್ತಿ ಮುಂದೆ ತಗೊಂಡಾಗ ಆರ್ಮ್‌ರೆಸ್ಟ್ ಮಾತ್ರ ಹಿಂದೆಯೇ ಉಳಿದುಬಿಡುತ್ತೆ. ಮೊಣಕೈಗೆ ಸಿಗಲ್ಲ, ಒಳಗಿಟ್ಟ ವಸ್ತು ಬೇಕಂದ್ರೆ ತಿರುಗಿ ನೋಡಬೇಕು. ಸೀಟು ಸರಿದರೆ ಕನ್ಸೋಲ್ ಕೂಡ ಸರಿಯಬೇಕು ಅನ್ನೋದು ಅದಕ್ಕೇ.

ಮೂರನೇ ಕಾರಣ ಎಲೆಕ್ಟ್ರಿಕ್ ಕಾರು. ಪ್ರೊಪೆಲ್ಲರ್ ಶಾಫ್ಟ್ ಇಲ್ಲ, ಎಕ್ಸಾಸ್ಟ್ ಪೈಪ್ ಇಲ್ಲ, ಬ್ಯಾಟರಿ ನೆಲದಡಿ. ಹಾಗಾಗಿ ನೆಲ ಸಪಾಟಾಗಿರುತ್ತೆ, ಕನ್ಸೋಲ್ ಒಂದು ದ್ವೀಪದ ಥರ ಬೇರೆಯಾಗಿ ನಿಲ್ಲಬಹುದು. ಹ್ಯುಂಡೈ ಅಯಾನಿಕ್ 5 ಕಾರಿನ ಕನ್ಸೋಲ್ 140 ಮಿ.ಮೀ. ಹಿಂದಕ್ಕೆ ಜಾರುತ್ತೆ. ಫೋಕ್ಸ್‌ವ್ಯಾಗನ್‌ನ 2021ರ ಮಲ್ಟಿವ್ಯಾನ್‌ನಲ್ಲಿ ಒಂದು ಟೇಬಲ್ಲೇ ನೆಲದ ಹಳಿ ಮೇಲೆ ಹಿಂದಿನ ಸಾಲಿನಿಂದ ಮುಂದಿನ ಸೀಟುಗಳ ನಡುವೆವರೆಗೆ ಬರುತ್ತೆ.

ಮೊದಲು ಪಟ್ಟಿ, ಆಮೇಲೆ ಸ್ಕೆಚ್

ನಾವು ಡಿಸೈನ್ ಅಂದ ತಕ್ಷಣ ಕ್ಯಾಡ್ ಓಪನ್ ಮಾಡ್ತೀವಿ. ಅದಕ್ಕಿಂತ ಮೊದಲು ಒಂದು ಏರ್‌ಪೋರ್ಟ್ ಕ್ಯಾಬ್ ಒಳಗೆ ಏನೇನಿದೆ ಅಂತ ಪಟ್ಟಿ ಮಾಡಿ. ಎರಡು ಫೋನ್, ಎರಡು ಚಾರ್ಜರ್ ವೈರ್, 1 ಲೀಟರ್ ನೀರಿನ ಬಾಟಲ್, ಬೆಳಿಗ್ಗೆ ಮನೆಯಿಂದ ತಂದ ಟಿಫನ್ ಬಾಕ್ಸ್, ಚಿಲ್ಲರೆ, ಗಾಜು ಒರೆಸೋ ಬಟ್ಟೆ, ಆರ್‌ಸಿ, ಪರ್ಮಿಟ್, ಇನ್ಶೂರೆನ್ಸ್ ಕಾಗದಗಳ ಕವರ್, ಕನ್ನಡಕ, ಪೆನ್ನು, ಮಾತ್ರೆ. ನಮಗೆ ಅದು ಒಂದು ಗಂಟೆ ಕೂರೋ ಕಾರು. ಓಡಿಸೋ ಅಣ್ಣನಿಗೆ ಅದೇ ಆಫೀಸು, ಅದೇ ಊಟದ ಮನೆ.

ಈಗ ಪ್ರತಿ ವಸ್ತುವಿನ ಮುಂದೆ ಮೂರು ವಿಷಯ ಬರೀರಿ: ಸೈಜು, ತೂಕ, ಗಂಟೆಗೆ ಎಷ್ಟು ಸಲ ಬೇಕು. ಫೋನ್ ಸುಮಾರು 165 ಮಿ.ಮೀ. ಉದ್ದ, 200 ಗ್ರಾಂ, ಪದೇ ಪದೇ ಬೇಕು. ಬಾಟಲ್ ಸುಮಾರು 80 ಮಿ.ಮೀ. ವ್ಯಾಸ, 1 ಕೆ.ಜಿ., ಆಗಾಗ ಬೇಕು. ಪರ್ಮಿಟ್ ಕಾಗದ ತಿಂಗಳಿಗೊಮ್ಮೆ ಯಾರಾದ್ರೂ ಕೇಳಿದಾಗ ಬೇಕು. ಪದೇ ಪದೇ ಬೇಕಾದ್ದು ಕೈಗೆ ಹತ್ತಿರ, ಮೇಲೆ. ಅಪರೂಪಕ್ಕೆ ಬೇಕಾದ್ದು ಕೆಳಗೆ, ಮುಚ್ಚಳದ ಒಳಗೆ. ಅರ್ಧ ಡಿಸೈನ್ ಇಲ್ಲೇ ಮುಗೀತು.

ಕಣ್ಣಿನ ಲೆಕ್ಕವೂ ಇದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2013ರಲ್ಲಿ ಕಾರಿನ ಒಳಗಿನ ಸ್ಕ್ರೀನುಗಳ ಬಗ್ಗೆ ಒಂದು ಮಾರ್ಗಸೂಚಿ ಕೊಟ್ಟಿತು: ಒಂದು ಸಲ ಕಣ್ಣು ರಸ್ತೆಯಿಂದ ಆಚೆ ಹೋದರೆ 2 ಸೆಕೆಂಡಿನ ಒಳಗೆ ವಾಪಸ್ ಬರಬೇಕು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡ್ ದಾಟಬಾರದು. ಅದು ಸ್ಕ್ರೀನಿಗೆ ಹೇಳಿದ್ದಾದ್ರೂ ಡಬ್ಬದಲ್ಲಿ ಚಿಲ್ಲರೆ ಹುಡುಕೋಕೂ ಅನ್ವಯಿಸುತ್ತೆ. 80 ಕಿ.ಮೀ. ವೇಗದಲ್ಲಿ 2 ಸೆಕೆಂಡ್ ಅಂದ್ರೆ 44 ಮೀಟರ್. ಅಷ್ಟು ದೂರ ಕಾರು ಯಾರೂ ನೋಡದೇ ಓಡಿರುತ್ತೆ. ಆದ್ದರಿಂದ ಒಳ್ಳೇ ಕನ್ಸೋಲಿನ ಗುಂಡಿ, ಗೋಡೆ, ಕಪ್ ಎಲ್ಲವೂ ನೋಡದೇ ಬೆರಳಿಗೆ ಗೊತ್ತಾಗಬೇಕು.

ಯಾರ ಮೊಣಕೈ?

‘ಆವರೇಜ್’ ಮನುಷ್ಯನಿಗೆ ಡಿಸೈನ್ ಮಾಡಿದ್ರೆ ಹೆಚ್ಚಿನವರಿಗೆ ಸರಿಹೋಗಲ್ಲ. ಅದಕ್ಕೇ 5ನೇ ಪರ್ಸೆಂಟೈಲ್‌ನಿಂದ 95ನೇ ಪರ್ಸೆಂಟೈಲ್‌ವರೆಗಿನ ಅಳತೆಗಳನ್ನು ತಗೋತಾರೆ. ಭಾರತೀಯರ ಮೈ ಅಳತೆಗಳಿಗೆ ದೇವಕುಮಾರ್ ಚಕ್ರವರ್ತಿ ಅವರ ಪುಸ್ತಕ ಇದೆ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿದ್ದು. ಕಾರು ಕಂಪನಿಗಳು ಕೂತ ಮನುಷ್ಯನ ಸೊಂಟದ ಕೀಲನ್ನು ಮೂಲಬಿಂದು ಮಾಡ್ಕೊಂಡು ಅಲ್ಲಿಂದ ಎಲ್ಲಾ ಅಳೀತಾರೆ. ಅದಕ್ಕೆ ಎಚ್-ಪಾಯಿಂಟ್ ಅಂತ ಹೆಸರು. ಕೈ ಎಲ್ಲಿವರೆಗೆ ಎಟಕುತ್ತೆ ಅನ್ನೋದಕ್ಕೂ ಎಸ್‌ಎಇ ಜೆ287 ಅನ್ನೋ ಸ್ಟ್ಯಾಂಡರ್ಡ್ ಇದೆ.

ಇದನ್ನು ಹಾಸ್ಟೆಲ್‌ನಲ್ಲೇ ಮಾಡಿ ನೋಡಬಹುದು. ಒಂದು ಕುರ್ಚಿ, ಒಂದು ಟೇಪು, ಹತ್ತು ಜನ ಗೆಳೆಯ ಗೆಳತಿಯರು. ಕೂತಾಗ ಸೀಟಿನಿಂದ ಮೊಣಕೈ ಎಷ್ಟು ಎತ್ತರ ಅಂತ ಅಳೀರಿ. ಎತ್ತರದ ಹುಡುಗನ ಮೊಣಕೈ ಗಿಡ್ಡ ಹುಡುಗಿಯ ಮೊಣಕೈಗಿಂತ ಕೆಳಗಿರೋದೂ ಸಿಗುತ್ತೆ, ಯಾಕಂದ್ರೆ ಎತ್ತರ ಇರೋದು ಕಾಲಲ್ಲೋ ಬೆನ್ನಲ್ಲೋ ಅಂತ ಹೊರಗಿಂದ ಗೊತ್ತಾಗಲ್ಲ.

ಇನ್ನೊಂದು ವಿಷಯ, ನಮ್ಮದು ಬಲಗಡೆ ಸ್ಟೀರಿಂಗ್. ಕನ್ಸೋಲ್ ಬಳಸೋದು ಎಡಗೈ, ಗೇರ್ ಹಾಕೋದೂ ಅದೇ ಎಡಗೈ. ಮುಚ್ಚಳದ ಕೀಲು ಡ್ರೈವರ್ ಕಡೆ ಇದ್ರೆ ತೆಗೆದ ಮುಚ್ಚಳವೇ ಅಡ್ಡ ಬಂದು ನಿಲ್ಲುತ್ತೆ. ಕೀಲನ್ನು ಹಿಂದೆ ಇಟ್ರೆ ಇಬ್ಬರಿಗೂ ಒಳಗೆ ಕೈ ಹಾಕೋಕೆ ಆಗುತ್ತೆ. ಜೊತೆಗೆ ಕನ್ಸೋಲನ್ನು ಪೂರ್ತಿ ಮುಂದೆ ತಂದಾಗಲೂ ಹ್ಯಾಂಡ್‌ಬ್ರೇಕ್ ಪೂರ್ತಿ ಮೇಲೆತ್ತೋಕೆ ಬರಬೇಕು, ಗೇರ್ ಹಾಕುವಾಗ ಬೆರಳ ಗಿಣ್ಣು ತಾಗಬಾರದು. ಇದನ್ನು ಮರೆತ ಕನ್ಸೋಲ್ ಎಷ್ಟು ಚೆಂದ ಇದ್ರೂ ಫೇಲ್.

ಕೈಯ ಬಲ, ರಸ್ತೆಯ ಬಲ

ಈಗ ವಿಷಯದ ಹೃದಯಕ್ಕೆ ಬರೋಣ. ಒಂದು ಲೆಕ್ಕ ಮಾಡಿ. ಜಾರೋ ಭಾಗದ ತೂಕ 2 ಕೆ.ಜಿ., ಒಳಗಿಟ್ಟ ಸಾಮಾನು 3 ಕೆ.ಜಿ., ಒಟ್ಟು 5 ಕೆ.ಜಿ. ಅಂದ್ಕೊಳ್ಳಿ.

ಕೈಯಿಂದ ಆರಾಮಾಗಿ ಜಾರಿಸಬೇಕು ಅಂದ್ರೆ 20ರಿಂದ 30 ನ್ಯೂಟನ್ ಸಾಕಾಗಬೇಕು. ಈಗ ಮುಂದೆ ಯಾರೋ ಅಡ್ಡ ಬಂದರು, ಜೋರಾಗಿ ಬ್ರೇಕ್ ಹಾಕಿದಿರಿ. ಒಣ ರಸ್ತೆಯಲ್ಲಿ ಸುಮಾರು 0.8 ಜಿ ಬರುತ್ತೆ. ಬಲ = 5 × 9.81 × 0.8 = 39 ನ್ಯೂಟನ್. ಅಂದ್ರೆ ಕೈ ಎಳೆಯೋದಕ್ಕಿಂತ ಬ್ರೇಕ್ ಎಳೆಯೋದೇ ಹೆಚ್ಚು! ಕೈಗೆ ಹಗುರಾಗಿರೋ ಕನ್ಸೋಲ್ ಪ್ರತಿ ಜೋರು ಬ್ರೇಕಿಗೂ ತಾನೇ ಮುಂದೆ ಓಡುತ್ತೆ. ಡಿಕ್ಕಿ ಆದರೆ? ಲೆಕ್ಕಕ್ಕೆ 30 ಜಿ ತಗೊಂಡ್ರೆ 1471 ನ್ಯೂಟನ್. ಹೆಚ್ಚು ಕಡಿಮೆ 150 ಕೆ.ಜಿ. ತೂಕ ನೇತು ಹಾಕಿದ ಹಾಗೆ.

ಒಂದು ಕಡೆ 25 ನ್ಯೂಟನ್‌ಗೆ ಜಾರಬೇಕು, ಇನ್ನೊಂದು ಕಡೆ 1500 ನ್ಯೂಟನ್ ಬಂದರೂ ಅಲ್ಲಾಡಬಾರದು. ಅರವತ್ತು ಪಟ್ಟು ವ್ಯತ್ಯಾಸ. ಘರ್ಷಣೆ ಹೆಚ್ಚಿಸಿ, ಸ್ಪ್ರಿಂಗ್ ಬಿಗಿ ಮಾಡಿ ಈ ಅಂತರ ಮುಚ್ಚೋಕೆ ಸಾಧ್ಯವೇ ಇಲ್ಲ. ಬಿಗಿ ಮಾಡಿದಷ್ಟೂ ಕೈಗೆ ಕಷ್ಟ, ಸಡಿಲ ಮಾಡಿದಷ್ಟೂ ರಸ್ತೆಗೆ ಸುಲಭ. ಹಾಗಾಗಿ ಅಡ್ಜಸ್ಟ್ ಆಗೋ ವಸ್ತುವಿನ ನಿಜವಾದ ಪ್ರಶ್ನೆ ‘ಎಷ್ಟು ಸರಿಯುತ್ತೆ’ ಅಲ್ಲ, ‘ಯಾರು ಕೇಳಿದಾಗ ಸರಿಯುತ್ತೆ’ ಅನ್ನೋದು. ಕೈ ಕೇಳಿದಾಗ ಸರಿಯಬೇಕು, ರಸ್ತೆ ಕೇಳಿದಾಗ ಸರಿಯಬಾರದು.

ಮನೆಯಲ್ಲೇ ಇದಕ್ಕೆ ಉದಾಹರಣೆ ಇದೆ. ಅಲ್ಮೇರಾ ಬಾಗಿಲು ಮುಚ್ಚಿದಾಗ ‘ಟಕ್’ ಅಂತ ಕೂರುತ್ತಲ್ಲ, ಒಳಗೊಂದು ಸ್ಪ್ರಿಂಗ್, ಒಂದು ಗುಂಡು. ಸ್ವಲ್ಪ ಜೋರಾಗಿ ಎಳೆದರೆ ಬಿಡುತ್ತೆ. ಇದಕ್ಕೆ ಡಿಟೆಂಟ್ ಅಂತಾರೆ. ಬಾಗಿಲ ಚಿಲಕ ಹಾಗಲ್ಲ. ಎಷ್ಟೇ ತಳ್ಳಿ, ಚಿಲಕ ತೆಗೆಯೋವರೆಗೆ ಬಾಗಿಲು ತೆರೆಯಲ್ಲ, ತೆಗೆಯೋಕೆ ಮಾತ್ರ ಒಂದು ಬೆರಳು ಸಾಕು. ಯಾಕಂದ್ರೆ ತಳ್ಳೋ ಬಲದ ದಿಕ್ಕು ಬೇರೆ, ಚಿಲಕ ಸರಿಯೋ ದಿಕ್ಕು ಬೇರೆ. ಕನ್ಸೋಲಿಗೂ ಇದೇ ಉಪಾಯ. ಜಾರೋದು ಹಿಂದೆ ಮುಂದೆ, ಲಾಕ್ ಪಿನ್ ಸರಿಯೋದು ಅಡ್ಡಡ್ಡಲಾಗಿ. ಬ್ರೇಕ್, ಡಿಕ್ಕಿ ಎಲ್ಲಾ ಹಿಂದೆ ಮುಂದೆ ದಿಕ್ಕಿನ ಬಲ, ಅದು ಪಿನ್ನನ್ನು ಹೊರಗೆ ತಳ್ಳೋಕೆ ಆಗಲ್ಲ. ಬೆರಳು ಒತ್ತೋ ಗುಂಡಿ ಮಾತ್ರ ಪಿನ್ನನ್ನು ಎಳೆಯುತ್ತೆ. ಡಿಟೆಂಟನ್ನು ಬಿಟ್ಟೇಬಿಡಬೇಕು ಅಂತಲ್ಲ. ಸರಿಯಾದ ತೂತಿನ ಎದುರು ಬಂತು ಅಂತ ಕೈಗೆ ತಿಳಿಸೋಕೆ ಅದು ಬೇಕು. ಹಿಡಿಯೋ ಕೆಲಸ ಚಿಲಕದ್ದು, ತಿಳಿಸೋ ಕೆಲಸ ‘ಟಕ್’ದು.

ಅರ್ಧ ಲಾಕ್ ಆಗೋ ಅಪಾಯ ಒಂದಿದೆ. ಪಿನ್ ಎರಡು ತೂತುಗಳ ನಡುವೆ ನಿಂತುಬಿಟ್ರೆ ಲಾಕ್ ಆದ ಹಾಗೆ ಕಾಣುತ್ತೆ, ಆಗಿರಲ್ಲ. ಅದಕ್ಕೆ ಪಿನ್ ತುದಿ ಸ್ವಲ್ಪ ಚೂಪಾಗಿರಬೇಕು, ಹಿಂದೆ ಸ್ಪ್ರಿಂಗ್ ಇರಬೇಕು, ಲಾಕ್ ಆಗದಿದ್ದಾಗ ಗುಂಡಿ ಒಳಗೇ ಉಳಿದು ಬೆರಳಿಗೆ ಗೊತ್ತಾಗಬೇಕು.

ನಮ್ಮ ಕಡೆಯಲ್ಲೇ ಇದಕ್ಕೆ ದೊಡ್ಡ ಉದಾಹರಣೆ ತಲೆ ಮೇಲೆ ಹಾರುತ್ತೆ. 1996ರಿಂದ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೀತಾ ಇದೆ, ಹೋದವರು ವಿಮಾನದ ಒಳಗೂ ನೋಡಿರ್ತೀರಿ. ಪ್ರಯಾಣಿಕರ ವಿಮಾನದ ನೆಲದಲ್ಲಿ ಉದ್ದಕ್ಕೂ ಲೋಹದ ಹಳಿ ಇರುತ್ತೆ, ಅದರಲ್ಲಿ ಪ್ರತಿ 1 ಇಂಚಿಗೆ ಒಂದು ದುಂಡು ತೂತು. ಸೀಟಿನ ಕಾಲನ್ನು ತೂತಿನಲ್ಲಿ ಇಳಿಸಿ ಅರ್ಧ ಇಂಚು ಸರಿಸಿ ಲಾಕ್ ಮಾಡ್ತಾರೆ. ಸಾಲುಗಳ ಅಂತರ ಬೇಕಾದಷ್ಟು ಬದಲಾಯಿಸಬಹುದು. ಆದ್ರೆ ಲಾಕ್ ಆದ ಮೇಲೆ ಅದೇ ಸೀಟು ಮುಂದಿನ ದಿಕ್ಕಿನಲ್ಲಿ 16 ಜಿ ಪರೀಕ್ಷೆ ಪಾಸಾಗಬೇಕು. ಅಡ್ಜಸ್ಟ್ ಆಗೋದು ವರ್ಕ್‌ಶಾಪ್‌ನಲ್ಲಿ, ಹಾರುವಾಗ ಅಲ್ಲ.

ಆಂಬುಲೆನ್ಸಿನಲ್ಲೂ ಹೀಗೇ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರೋಗ್ಯ ಕವಚ 108 ಶುರುವಾಯಿತು. ಅಂಥ ಗಾಡಿಯೊಳಗೆ ಆಕ್ಸಿಜನ್ ಸಿಲಿಂಡರ್, ಮಾನಿಟರ್, ಔಷಧಿ ಡಬ್ಬ ಎಲ್ಲಾ ಬೇಗ ಕೈಗೆ ಸಿಗಬೇಕು, ಆದ್ರೆ ಹಾರಿ ರೋಗಿ ಮೇಲೆ ಬೀಳಬಾರದು. ಯುರೋಪಿನ ಆಂಬುಲೆನ್ಸ್ ಸ್ಟ್ಯಾಂಡರ್ಡ್ ಇಎನ್ 1789 ಪ್ರಕಾರ ಉಪಕರಣಗಳು 10 ಜಿ ತಡೀಬೇಕು. ನಮ್ಮ ದೇಶದಲ್ಲಿ ಆಂಬುಲೆನ್ಸುಗಳಿಗೆ ಎಐಎಸ್-125 ಅನ್ನೋ ಸ್ಟ್ಯಾಂಡರ್ಡ್ ಇದೆ.

ಮುರಿಯೋದು ಪಿನ್ ಅಲ್ಲ

1471 ನ್ಯೂಟನ್ ಅಂದ ತಕ್ಷಣ ಎಲ್ಲರೂ ದಪ್ಪ ಪಿನ್ ಹಾಕ್ತಾರೆ. ಲೆಕ್ಕ ನೋಡಿ. 6 ಮಿ.ಮೀ. ವ್ಯಾಸದ ಸ್ಟೀಲ್ ಪಿನ್ನಿನ ಅಡ್ಡಕೊಯ್ತದ ವಿಸ್ತೀರ್ಣ 28.3 ಚದರ ಮಿ.ಮೀ. ಶಿಯರ್ ಸ್ಟ್ರೆಸ್ 1471 ÷ 28.3 = 52 ಮೆಗಾಪ್ಯಾಸ್ಕಲ್. ಸಾದಾ ಮೈಲ್ಡ್ ಸ್ಟೀಲ್ ಕೂಡ ಶಿಯರ್‌ನಲ್ಲಿ ಸುಮಾರು 140 ತಡೆಯುತ್ತೆ. ಪಿನ್ ಆರಾಮಾಗಿದೆ.

ಈಗ ಆ ಪಿನ್ ಕೂರೋ ತೂತನ್ನು ನೋಡಿ. 3 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಗೋಡೆ ಅಂದ್ರೆ ಪಿನ್ ಒತ್ತೋ ಜಾಗ 6 × 3 = 18 ಚದರ ಮಿ.ಮೀ. ಮಾತ್ರ. 1471 ÷ 18 = 82 ಮೆಗಾಪ್ಯಾಸ್ಕಲ್. ಪಾಲಿಪ್ರೊಪಿಲೀನ್ ಸುಮಾರು 30ಕ್ಕೇ ಸೋಲುತ್ತೆ, ಎಬಿಎಸ್ ಸುಮಾರು 40ಕ್ಕೆ. ಪಿನ್ ನೆಟ್ಟಗಿರುತ್ತೆ, ತೂತು ಹರಿದು ಕನ್ಸೋಲ್ ಹಾರುತ್ತೆ. ಆದ್ದರಿಂದ ತೂತುಗಳಿರೋ ಪಟ್ಟಿ ಸ್ಟೀಲಿನದ್ದಾಗಿರಬೇಕು, ಆ ಪಟ್ಟಿ ನೇರವಾಗಿ ಕಾರಿನ ನೆಲದ ಲೋಹಕ್ಕೆ ಬೋಲ್ಟ್ ಆಗಿರಬೇಕು. ಪ್ಲಾಸ್ಟಿಕ್ ಬರೀ ಬಟ್ಟೆ, ಒಳಗಿನ ಸ್ಟೀಲು ಮೂಳೆ. ತೂಕ ಪಿನ್ನಿಂದ ನೆಲದವರೆಗೆ ಯಾವ ದಾರಿಯಲ್ಲಿ ಹೋಗುತ್ತೆ ಅಂತ ಬೆರಳಿಟ್ಟು ತೋರಿಸೋಕೆ ಬಂದರೆ ಡಿಸೈನ್ ಅರ್ಥ ಆಗಿದೆ ಅಂತ.

ಸಿಕ್ಕಿಹಾಕಿಕೊಳ್ಳೋ ಡ್ರಾಯರ್

ಹಳೇ ಮರದ ಮೇಜಿನ ಡ್ರಾಯರನ್ನು ಒಂದು ಮೂಲೆ ಹಿಡಿದು ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತೆ ಅಲ್ವಾ? ಎಷ್ಟು ಜೋರಾಗಿ ಎಳೆದರೂ ಬರಲ್ಲ. ಇದಕ್ಕೊಂದು ಸರಳ ನಿಯಮ ಇದೆ. ಮಧ್ಯದ ಗೆರೆಯಿಂದ ಪಕ್ಕಕ್ಕೆ ಎಳೆದಾಗ ಡ್ರಾಯರ್ ತಿರುಗೋಕೆ ನೋಡುತ್ತೆ, ಎರಡು ತುದಿಯಲ್ಲಿ ಹಳಿಗೆ ಒತ್ತುತ್ತೆ, ಆ ಒತ್ತಡ ಘರ್ಷಣೆ ಹುಟ್ಟಿಸುತ್ತೆ. ಬರೆದು ಬಿಡಿಸಿದರೆ ಸಿಗೋದು ಇಷ್ಟು: ಗೈಡ್ ಉದ್ದ ಯಾವಾಗಲೂ 2 × ಘರ್ಷಣಾಂಕ × ಪಕ್ಕದ ದೂರಕ್ಕಿಂತ ಹೆಚ್ಚಿರಬೇಕು.

ನಮ್ಮ ಕನ್ಸೋಲನ್ನು ಡ್ರೈವರ್ ತನ್ನ ಕಡೆಯ ಅಂಚು ಹಿಡಿದು ಎಳೀತಾನೆ, ಹಳಿ ಇರೋದು ಆಚೆ ಪಕ್ಕದಲ್ಲಿ ಅಂದ್ಕೊಳ್ಳಿ, ದೂರ 120 ಮಿ.ಮೀ. ಘರ್ಷಣಾಂಕ 0.3 ಇದ್ರೆ ಗೈಡ್ 72 ಮಿ.ಮೀ. ಸಾಕು. ಆದ್ರೆ ಹಳಿಯೊಳಗೆ ನಮ್ಮ ಊರಿನ ಧೂಳು, ಚೆಲ್ಲಿದ ಕಾಫಿ ಸಕ್ಕರೆ ಸೇರಿ ಘರ್ಷಣಾಂಕ 0.5 ಆಯ್ತು ಅಂದ್ರೆ 120 ಮಿ.ಮೀ. ಬೇಕು. ಗೈಡನ್ನು 150 ಮಿ.ಮೀ. ಮಾಡಿದ್ರೆ ನೆಮ್ಮದಿ. ಮಾರ್ಕೆಟ್‌ನಿಂದ ತಂದ ಹೊಸ ಹಳಿ ಮೊದಲ ದಿನ ಬೆಣ್ಣೆ ಥರ ಜಾರುತ್ತೆ. ಡಿಸೈನ್ ಮಾಡಬೇಕಾದ್ದು ಎರಡು ವರ್ಷದ ನಂತರದ ದಿನಕ್ಕೆ.

ಬಾಟಲ್ ಹಿಡಿಯೋ ಬೆರಳುಗಳು

80 ಮಿ.ಮೀ. ವ್ಯಾಸದ ತುಂಬಿದ ಬಾಟಲ್‌ನ ಗುರುತ್ವ ಕೇಂದ್ರ ಸುಮಾರು 120 ಮಿ.ಮೀ. ಎತ್ತರದಲ್ಲಿರುತ್ತೆ. ಸಪಾಟು ಜಾಗದಲ್ಲಿ ಜಾರದೇ ನಿಂತಿದ್ರೂ 40 ÷ 120, ಅಂದ್ರೆ 0.33 ಜಿ ಬಂದರೆ ಉರುಳುತ್ತೆ. ಸ್ವಲ್ಪ ಜೋರಾದ ಬ್ರೇಕೇ ಸಾಕು. ಉರುಳಿದ ಬಾಟಲ್ ಡ್ರೈವರ್ ಕಾಲ ಬಳಿ ಹೋಗಿ ಬ್ರೇಕ್ ಪೆಡಲ್ ಕೆಳಗೆ ಸೇರಿತು ಅಂದ್ರೆ ಪೆಡಲ್ ಕೆಳಗಿಳಿಯಲ್ಲ. ಕಪ್ ಹೋಲ್ಡರ್ ಅನ್ನೋದು ಲಕ್ಷುರಿ ಅಲ್ಲ, ಬ್ರೇಕ್ ವ್ಯವಸ್ಥೆಯ ಭಾಗ ಅಂತಲೇ ನೋಡಬೇಕು.

65 ಮಿ.ಮೀ.ನಿಂದ 85 ಮಿ.ಮೀ. ವ್ಯಾಸದವರೆಗೆ ಹಿಡಿಯೋ ಮೂರು ಪ್ಲಾಸ್ಟಿಕ್ ಬೆರಳು ಬೇಕು ಅಂದ್ಕೊಳ್ಳಿ. ಪ್ರತಿ ಬೆರಳು 10 ಮಿ.ಮೀ. ಬಾಗಬೇಕು. ಒಂದು ತುದಿ ಹಿಡಿದ ತೊಲೆಯಲ್ಲಿ ಸ್ಟ್ರೇನ್ = 1.5 × ದಪ್ಪ × ಬಾಗು ÷ ಉದ್ದದ ವರ್ಗ. 30 ಮಿ.ಮೀ. ಉದ್ದ, 2 ಮಿ.ಮೀ. ದಪ್ಪದ ಬೆರಳಿಗೆ 1.5 × 2 × 10 ÷ 900 = 3.3%. ದಿನಕ್ಕೆ ಇಪ್ಪತ್ತು ಸಲ ಇಷ್ಟು ಬಾಗಿದರೆ ಬುಡ ಬೆಳ್ಳಗಾಗಿ ಒಂದು ದಿನ ಮುರಿಯುತ್ತೆ. 4 ಮಿ.ಮೀ. ಮಾತ್ರ ಬಾಗಿಸಿದರೆ 1.3%, ಪಾಲಿಪ್ರೊಪಿಲೀನ್ ಆರಾಮಾಗಿ ತಾಳುತ್ತೆ, ಆದ್ರೆ ಎಲ್ಲಾ ಬಾಟಲ್ ಹಿಡಿಯಲ್ಲ. ಹಾಗಾಗಿ ಒಳ್ಳೇ ಕಪ್ ಹೋಲ್ಡರ್‌ಗಳಲ್ಲಿ ಬೆರಳು ಬಾಗೋದಿಲ್ಲ, ಕೀಲಿನ ಮೇಲೆ ತಿರುಗುತ್ತೆ. ಹಿಂದೆ ಪುಟ್ಟ ಸುರುಳಿ ಸ್ಪ್ರಿಂಗ್ ಅದನ್ನು ಬಾಟಲ್‌ಗೆ ಒತ್ತುತ್ತೆ. ಬಾಗೋ ಕೆಲಸ ಸ್ಪ್ರಿಂಗ್‌ನ ಸ್ಟೀಲಿಗೆ ಕೊಡಿ, ಹಿಡಿಯೋ ಕೆಲಸ ಪ್ಲಾಸ್ಟಿಕ್ಕಿಗೆ.

ಬಿಸಿಲು ಮತ್ತು ಗಲಗಲ

ನಮ್ಮಲ್ಲಿ ಹಲವರು ಪ್ರೋಟೋಟೈಪನ್ನು ಪಿಎಲ್‌ಎಯಲ್ಲಿ ತ್ರೀಡಿ ಪ್ರಿಂಟ್ ಮಾಡ್ತೀವಿ. ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತೆ. ಏಪ್ರಿಲ್ ಮಧ್ಯಾಹ್ನ ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿದವರಿಗೆ ಮುಂದೇನಾಗುತ್ತೆ ಅಂತ ಗೊತ್ತು. ಪಿಇಟಿಜಿ ಸುಮಾರು 80, ಎಬಿಎಸ್ ಸುಮಾರು 105 ಡಿಗ್ರಿವರೆಗೆ ತಾಳುತ್ತೆ. ಕಾರಿನೊಳಗೆ ಇಟ್ಟು ಪರೀಕ್ಷೆ ಮಾಡೋದಾದ್ರೆ ಕಡೇಪಕ್ಷ ಎಬಿಎಸ್.

ಹಿಗ್ಗೋದನ್ನೂ ಮರೀಬೇಡಿ. 400 ಮಿ.ಮೀ. ಉದ್ದದ ಎಬಿಎಸ್ ಪಟ್ಟಿ 40 ಡಿಗ್ರಿ ಬಿಸಿಯಾದರೆ ಸುಮಾರು 1.4 ಮಿ.ಮೀ. ಹಿಗ್ಗುತ್ತೆ. ಅಷ್ಟೇ ಉದ್ದದ ಸ್ಟೀಲು 0.2 ಮಿ.ಮೀ. ಎರಡನ್ನೂ ಎರಡು ತುದಿಯಲ್ಲಿ ಬಿಗಿಯಾಗಿ ಸ್ಕ್ರೂ ಮಾಡಿದ್ರೆ ಪ್ಲಾಸ್ಟಿಕ್ ಬಿಲ್ಲಿನ ಹಾಗೆ ಬಾಗುತ್ತೆ, ಹಳಿ ಸಿಕ್ಕಿಕೊಳ್ಳುತ್ತೆ. ಒಂದು ತುದಿಯಲ್ಲಿ ದುಂಡು ತೂತು, ಇನ್ನೊಂದು ತುದಿಯಲ್ಲಿ ಉದ್ದ ತೂತು ಕೊಡಿ, ಸಮಸ್ಯೆ ಮುಗೀತು.

ಸರಿಯೋ ಭಾಗ ಅಂದ ಮೇಲೆ ಸಂದು ಇರಲೇಬೇಕು, ಸಂದು ಇದ್ರೆ ಗಲಗಲ ಶಬ್ದ ಬರುತ್ತೆ. ನಾಲ್ಕು ಭಾಗ ಜೋಡಿಸ್ತೀವಿ, ಪ್ರತಿಯೊಂದರ ಅಳತೆಯಲ್ಲಿ ± 0.2 ಮಿ.ಮೀ. ವ್ಯತ್ಯಾಸ ಅಂದ್ರೆ ಕೆಟ್ಟ ಸಂದರ್ಭದಲ್ಲಿ ಒಟ್ಟು ± 0.8 ಮಿ.ಮೀ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ± 0.4. ಹಂಪ್ ಮೇಲೆ ಹಂಪ್ ಹಾರಿಸೋ ನಮ್ಮ ರಸ್ತೆಗೆ ಅಷ್ಟು ಸಾಕು, ಇಡೀ ದಾರಿ ಕಟಕಟ. ಎಂಜಿನ್ ಸದ್ದಿಲ್ಲದ ಎಲೆಕ್ಟ್ರಿಕ್ ಕಾರಿನಲ್ಲಿ ಇನ್ನೂ ಜೋರಾಗಿ ಕೇಳುತ್ತೆ. ಅಳತೆಯನ್ನು ಬಿಗಿ ಮಾಡಿದ್ರೆ ದುಡ್ಡು ಖರ್ಚು. ಅದರ ಬದಲು ಜಾರೋ ತುಂಡಿನ ಕೆಳಗೆ ಒಂದು ತೆಳು ಪಟ್ಟಿ ಸ್ಪ್ರಿಂಗ್ ಇಟ್ಟು ಯಾವಾಗಲೂ ಒಂದೇ ಕಡೆ ಒತ್ತಿಸಿ. ಸಂದು ಇರುತ್ತೆ, ಆದ್ರೆ ಅಲ್ಲಾಡಲ್ಲ.

ತಲೆ, ಏರ್‌ಬ್ಯಾಗ್, ಗಣಪತಿ

ಕಾರಿನ ಒಳಭಾಗದ ಉಬ್ಬುತಗ್ಗುಗಳಿಗೆ ವಿಶ್ವಸಂಸ್ಥೆಯ ನಿಯಮ ಆರ್21 ಇದೆ. ತಲೆ ಬಡಿಯಬಹುದಾದ ಜಾಗದಲ್ಲಿ ಗಟ್ಟಿ ಅಂಚುಗಳು ಕಡೇಪಕ್ಷ 2.5 ಮಿ.ಮೀ. ತ್ರಿಜ್ಯದಷ್ಟು ದುಂಡಾಗಿರಬೇಕು. 6.8 ಕೆ.ಜಿ.ಯ ಕೃತಕ ತಲೆಯನ್ನು ಗಂಟೆಗೆ 24.1 ಕಿ.ಮೀ. ವೇಗದಲ್ಲಿ ಹೊಡೆದಾಗ 80 ಜಿಗಿಂತ ಹೆಚ್ಚಿನ ಹೊಡೆತ ಸತತ 3 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಇರಬಾರದು. ಲೇಸರ್ ಕಟ್ ಮಾಡಿದ ಅಕ್ರಿಲಿಕ್ ಹಾಳೆಯ ಅಂಚು ಚೆಂದ ಹೊಳೆಯುತ್ತೆ, ಆದ್ರೆ ಕಾರಿನೊಳಗೆ ಅದು ಚಾಕು.

ನಮ್ಮ ಕಾರುಗಳಲ್ಲಿ ಇನ್ನೊಂದು ವಿಷಯ ಇದೆ. ಡ್ಯಾಶ್‌ಬೋರ್ಡ್ ಮೇಲೆ ದೇವರ ಮೂರ್ತಿ, ಪಕ್ಕದಲ್ಲಿ ಪರ್ಫ್ಯೂಮ್ ಬಾಟಲ್. ಎಷ್ಟೋ ಕಾರುಗಳಲ್ಲಿ ಅದು ಅಂಟಿರೋದು ಎಡಗಡೆಯ ಏರ್‌ಬ್ಯಾಗ್ ಮುಚ್ಚಳದ ಮೇಲೇ. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಈಗ ಕಡ್ಡಾಯ. ಅದು ಬಿಚ್ಚಿಕೊಂಡಾಗ ಮುಚ್ಚಳದ ಮೇಲಿರೋದೆಲ್ಲಾ ಮುಂದೆ ಕೂತವರ ಮುಖಕ್ಕೆ ಬರುತ್ತೆ. ‘ಮೂರ್ತಿ ಇಡಬೇಡಿ’ ಅಂತ ಹೇಳಿದ್ರೆ ಯಾರೂ ಕೇಳಲ್ಲ, ಕೇಳಬೇಕಾಗೂ ಇಲ್ಲ. ಕನ್ಸೋಲ್ ಡಿಸೈನ್ ಮಾಡೋರು ಮಧ್ಯದಲ್ಲಿ, ಏರ್‌ಬ್ಯಾಗ್ ದಾರಿಯಿಂದ ಹೊರಗೆ, ಸುತ್ತ ಅಂಚಿರೋ ಒಂದು ಪುಟ್ಟ ಗೂಡು ಕೊಡಲಿ. ಮನೆ ಕಟ್ಟುವಾಗ ದೇವರ ಗೂಡಿಗೆ ಜಾಗ ಬಿಡೋ ನಾವು ಕಾರಿನಲ್ಲೂ ಬಿಡಬಹುದು. ಜನ ಏನು ಮಾಡ್ತಾರೋ ಅದನ್ನು ತಡೆಯೋದಕ್ಕಿಂತ, ಅದನ್ನೇ ಸುರಕ್ಷಿತವಾಗಿ ಮಾಡೋ ಹಾಗೆ ಜಾಗ ಮಾಡಿಕೊಡೋದು ಒಳ್ಳೇ ಡಿಸೈನ್.

ನಾವೇ ಮಾಡಿ ನೋಡೋಣ

ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿದ್ದೀರಾ? ಇದನ್ನೇ ತಗೊಳ್ಳಿ. ಖರ್ಚು ಕಡಿಮೆ, ಲೆಕ್ಕ ಜಾಸ್ತಿ.

ಮೊದಲು ರಟ್ಟಿನಲ್ಲಿ ನಿಜವಾದ ಸೈಜಿನ ಮಾಡೆಲ್ ಮಾಡಿ, ಎರಡು ಕುರ್ಚಿಗಳ ನಡುವೆ ಇಟ್ಟು ಹತ್ತು ಜನರನ್ನು ಕೂರಿಸಿ. ಕಣ್ಣು ಮುಚ್ಚಿಸಿ ‘ಫೋನ್ ತೆಗಿ, ಬಾಟಲ್ ಇಡು’ ಅಂತ ಹೇಳಿ. ಎಲ್ಲಿ ತಡಕಾಡ್ತಾರೋ ಅಲ್ಲಿ ಡಿಸೈನ್ ಬದಲಾಯಿಸಿ.

ಆಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಅಡುಗೆಮನೆ ಡ್ರಾಯರ್ ಚಾನೆಲ್ ಒಂದು ಜೊತೆ ತಗೊಂಡು ಹಳಿ ಮಾಡಿ. ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಹಾಕಿ ಎಳೀರಿ. 2ರಿಂದ 3 ಕೆ.ಜಿ. ತೋರಿಸುವಾಗ ಜಾರಿದರೆ ಕೈಗೆ ಸರಿ.

ಬ್ರೇಕ್ ಪರೀಕ್ಷೆಗೆ ಕಾರು ಬೇಡ. ಸಾಮಾನು ತುಂಬಿ ಲಾಕ್ ಮಾಡಿ ಇಡೀ ಹಲಗೆಯನ್ನು ಓರೆ ಮಾಡ್ತಾ ಹೋಗಿ. 53 ಡಿಗ್ರಿಯಲ್ಲಿ ಇಳಿಜಾರಿನ ಗುಂಟ 0.8 ಜಿ ಸಿಗುತ್ತೆ, ಯಾಕಂದ್ರೆ ಸೈನ್ 53 ಅಂದ್ರೆ 0.8. ಅಲ್ಲಿ ಹಲಗೆಗೆ ಒತ್ತೋ ತೂಕವೂ ಕಡಿಮೆಯಾಗೋದ್ರಿಂದ ಘರ್ಷಣೆಯ ಸಹಾಯ ಕೂಡ ಕಡಿಮೆ, ಪರೀಕ್ಷೆ ರಸ್ತೆಗಿಂತ ಸ್ವಲ್ಪ ಕಠಿಣವೇ. ಇದೇ ಪರೀಕ್ಷೆಯನ್ನು ಲಾಕ್ ತೆಗೆದು, ಬರೀ ಡಿಟೆಂಟ್ ಇಟ್ಟುಕೊಂಡೂ ಮಾಡಿ. ಎಷ್ಟು ಡಿಗ್ರಿಗೆ ಜಾರಿತು ಅಂತ ಬರೆದಿಟ್ಟುಕೊಳ್ಳಿ. ಚಿಲಕಕ್ಕೂ ‘ಟಕ್’ಗೂ ಇರೋ ವ್ಯತ್ಯಾಸ ಆಗ ಕಣ್ಣಿಗೇ ಕಾಣುತ್ತೆ.

ಡಿಕ್ಕಿಯ ಲೆಕ್ಕಕ್ಕೆ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಿನ ಯುಟಿಎಂ ಇದೆ. ಲಾಕ್ ಪಟ್ಟಿ ಮತ್ತು ಪಿನ್ ಮಾತ್ರ ಬಿಚ್ಚಿ ತಂದು 1500 ನ್ಯೂಟನ್‌ವರೆಗೆ ಎಳೀರಿ. ಒಮ್ಮೆ ಪ್ಲಾಸ್ಟಿಕ್ ಪಟ್ಟಿ, ಒಮ್ಮೆ ಸ್ಟೀಲ್ ಪಟ್ಟಿ. ನಿಜವಾದ ಡಿಕ್ಕಿ ಕ್ಷಣಮಾತ್ರದ ಹೊಡೆತ, ಯುಟಿಎಂ ನಿಧಾನಕ್ಕೆ ಎಳೆಯುತ್ತೆ, ಎರಡೂ ಒಂದೇ ಅಲ್ಲ. ಆದ್ರೂ ಎಲ್ಲಿ ಮೊದಲು ಹರಿಯುತ್ತೆ ಅನ್ನೋದು ಇಲ್ಲೇ ಗೊತ್ತಾಗುತ್ತೆ.

ಒಂದು ಎಚ್ಚರಿಕೆ: ಮಾಡಿದ ಪ್ರೋಟೋಟೈಪನ್ನು ಓಡೋ ಕಾರಿನಲ್ಲಿ ಹಾಕಬೇಡಿ. ನಿಂತ ಕಾರಿನಲ್ಲಿ ಸೈಜು ನೋಡಿ, ಅಷ್ಟೇ.

ಕೊನೆಯದಾಗಿ ಒಂದು ಕೆಲಸ. ಮುಂದಿನ ಸಲ ಕ್ಯಾಬ್ ಹತ್ತಿದಾಗ, ಟ್ರಿಪ್ ಮುಗಿದು ಕಾರು ನಿಂತ ಮೇಲೆ, ‘ಅಣ್ಣ, ಈ ಜಾಗದಲ್ಲಿ ಏನು ಬದಲಾದ್ರೆ ನಿಮಗೆ ಅನುಕೂಲ ಆಗುತ್ತೆ?’ ಅಂತ ಕೇಳಿ. ಬಂದ ಉತ್ತರವನ್ನೂ, ಆ ವಸ್ತುಗಳ ಅಳತೆಯನ್ನೂ ನಮ್ಮ ಕನ್ನಡ ಸಂಘದ ಗ್ರೂಪಿಗೆ ಹಾಕಿ. ನೂರು ಉತ್ತರ ಸೇರಿದ್ರೆ ಮುಂದಿನ ಸಂಚಿಕೆಯಲ್ಲಿ ಅದರದ್ದೇ ಒಂದು ಪಟ್ಟಿ ಹಾಕೋಣ, ಪ್ರಾಜೆಕ್ಟ್ ಮಾಡೋರಿಗೆ ಉಪಯೋಗ ಆಗುತ್ತೆ.